ಹಗಲಿನ ಬಿಸಿಲನ್ನು ಇರುಳಿಗೆ ಎತ್ತಿಡುವ ಬಗೆ

(ಅಂತಿಮ ಬಿ. ಎ. ತರಗತಿಯ ವಿದ್ಯಾರ್ಥಿಯೊಬ್ಬನ ಲೇಖನ)

ನಾನು ಚರಿತ್ರೆ ಮತ್ತು ಅರ್ಥಶಾಸ್ತ್ರಗಳನ್ನು ಓದುತ್ತಿರುವ ಕಲಾಶಾಖೆಯ ವಿದ್ಯಾರ್ಥಿ. ವಿದ್ಯುಚ್ಛಕ್ತಿಯ ವಿಚಾರವಾಗಿ ಬರೆಯಲು ಇವನಿಗೇನು ಅಧಿಕಾರವೆಂದು ಓದುಗರು ಕೇಳಿದರೆ ಅದು ತಪ್ಪಲ್ಲ. ಈ ಲೇಖನಕ್ಕೆ ಕಾರಣ ನನ್ನ ವಿದ್ವತ್ತಲ್ಲ, ನಮ್ಮ ಅಜ್ಜಿ ಕೇಳಿದ ಒಂದು ಪ್ರಶ್ನೆ. ಆ ಹೊತ್ತಿನಲ್ಲಿ ನಾನು ಉತ್ತರ ಹೇಳಲಾರದೆ ಹೋದೆ. ಆಮೇಲೆ ಓದಿ, ಬಲ್ಲವರನ್ನು ಕೇಳಿ ತಿಳಿದುಕೊಂಡದ್ದನ್ನು ಇಲ್ಲಿ ಒಪ್ಪಿಸುತ್ತಿದ್ದೇನೆ.

ನಮ್ಮದು ಪಾವಗಡ ತಾಲ್ಲೂಕಿನ ಒಂದು ಹಳ್ಳಿ. ಬರಗಾಲಕ್ಕೆ ಹೆಸರಾದ ಸೀಮೆ. ಅಲ್ಲಿ ಯಾವ ವರ್ಷವೂ ಕೈಕೊಡದ ಬೆಳೆಯೆಂದರೆ ಬಿಸಿಲೊಂದೆ. ಆ ಬಿಸಿಲಿಗೂ ಬೆಲೆ ಬಂದದ್ದು ಈಚೆಗೆ. ತಿರುಮಣಿ, ವಳ್ಳೂರು, ಬಳಸಮುದ್ರ, ರಾಯಚೆರ್ಲು, ಕ್ಯಾತಗಾನಚೆರ್ಲು ಗ್ರಾಮಗಳ ಸುಮಾರು 13,000 ಎಕರೆ ನೆಲದಲ್ಲಿ ಸೌರವಿದ್ಯುತ್ತಿನ ಉದ್ಯಾನವನ್ನು ನಿರ್ಮಿಸಿದರು. 2018ರ ಮಾರ್ಚಿಯಲ್ಲಿ 600 ಮೆಗಾವಾಟಿನಿಂದ ಆರಂಭವಾದ ಈ ಉದ್ಯಾನ 2019ರ ಕೊನೆಗೆ 2,050 ಮೆಗಾವಾಟಿನಷ್ಟು ಬೆಳೆಯಿತು. ಭೂಮಿಯನ್ನು ರೈತರಿಂದ ಕೊಂಡುಕೊಳ್ಳಲಿಲ್ಲ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಗುತ್ತಿಗೆಗೆ ಪಡೆದರು. ನಮ್ಮ ಮನೆಯ ನಾಲ್ಕು ಎಕರೆ ಖುಷ್ಕಿಯೂ ಹಾಗೆ ಹೋಯಿತು. ಕೊಳವೆ ಬಾವಿಯಿರುವ ಒಂದೂವರೆ ಎಕರೆಯನ್ನು ಮಾತ್ರ ನಮ್ಮಲ್ಲಿ ಉಳಿಸಿಕೊಂಡೆವು.

ಆ ಒಂದೂವರೆ ಎಕರೆಗೆ ನೀರು ಹಾಯಿಸುವುದು ನಮ್ಮ ಚಿಕ್ಕಪ್ಪನ ಕೆಲಸ. ಪಂಪ್‌ಸೆಟ್ಟಿಗೆ ಬೇಕಾದ ತ್ರೀ ಫೇಸ್ ಕರೆಂಟು ಕೆಲವು ವಾರ ಹಗಲಿನಲ್ಲಿ, ಕೆಲವು ವಾರ ಸರಿರಾತ್ರಿಯಲ್ಲಿ ಬರುತ್ತಿದ್ದಿತು. ಕೆಲವು ವರ್ಷಗಳ ಕೆಳಗೆ ಆಷಾಢದ ಒಂದು ರಾತ್ರಿ ಎರಡು ಗಂಟೆಯ ಹೊತ್ತಿಗೆ ಮೋಟಾರು ಹಾಕಲು ಹೋದ ಚಿಕ್ಕಪ್ಪನಿಗೆ ಬದುವಿನ ಮೇಲೆ ಕೊಳಕುಮಂಡಲ ಕಚ್ಚಿತು. ಜೀವ ಉಳಿಯಿತು; ಎಡಗಾಲಿನ ಎರಡು ಬೆರಳು ಹೋದುವು.

ಕಳೆದ ಬೇಸಗೆಯ ರಜೆಯಲ್ಲಿ ನಾನು ಊರಿನಲ್ಲಿದ್ದಾಗ ಒಂದು ರಾತ್ರಿ ಕರೆಂಟು ಹೋಯಿತು. ಜಗಲಿಯ ಮೇಲೆ ಎಲ್ಲರೂ ಕುಳಿತಿದ್ದೆವು. ದೂರದಲ್ಲಿ ಉದ್ಯಾನದ ಕಡೆಯ ವಿದ್ಯುತ್ ಕೇಂದ್ರದ ದೀಪಗಳು ಕಾಣುತ್ತಿದ್ದುವು. ಅಜ್ಜಿ ಅವನ್ನೇ ನೋಡುತ್ತ ಕುಳಿತಿದ್ದವಳು ಕೇಳಿದಳು: "ಅಲ್ಲಪ್ಪ, ಹಗಲೆಲ್ಲ ಅಷ್ಟೊಂದು ಬಿಸಿಲು ಹಿಡೀತಾರಲ್ಲ, ರಾಗಿ ಹಗೇವಿಗೆ ಹಾಕಿಟ್ಟ ಹಂಗೆ ರಾತ್ರಿಗೆ ಅಂತ ಒಂದಿಷ್ಟು ಎತ್ತಿಡೋಕೆ ಬರಲ್ವ ಅವರಿಗೆ? ನೀನು ಕಾಲೇಜು ಓದಿದೋನು, ಹೇಳು."

ಚಿಕ್ಕಪ್ಪ ಏನೂ ಹೇಳಲಿಲ್ಲ. ನಾನು "ಅದು ಬಹಳ ಖರ್ಚಿನ ಬಾಬ್ತು ಅಜ್ಜಿ" ಎಂದು ಬಾಯಿಗೆ ಬಂದದ್ದನ್ನು ಹೇಳಿ ಸುಮ್ಮನಾದೆ. ಎಷ್ಟು ಖರ್ಚು, ಏಕೆ ಖರ್ಚು, ಎತ್ತಿಡುವುದೆಂದರೆ ಏನು ಎಂಬುದೊಂದೂ ನನಗೆ ತಿಳಿದಿರಲಿಲ್ಲ.

ತಂತಿಯಲ್ಲಿ ದಾಸ್ತಾನಿಲ್ಲ

ಮೊದಲು ತಿಳಿಯಬೇಕಾದ ಸಂಗತಿಯೊಂದಿದೆ. ಭತ್ತ, ರಾಗಿ, ಸೀಮೆಎಣ್ಣೆ ಇವೆಲ್ಲ ಬೆಳೆದ ಅಥವಾ ತಂದ ದಿನವೇ ಖರ್ಚಾಗಬೇಕಾಗಿಲ್ಲ. ವಿದ್ಯುತ್ತು ಹಾಗಲ್ಲ. ಕೋಟ್ಯಂತರ ಮನೆಗಳಲ್ಲಿ, ಕಾರ್ಖಾನೆಗಳಲ್ಲಿ ಈ ಕ್ಷಣದಲ್ಲಿ ಎಷ್ಟು ವಿದ್ಯುತ್ತು ಖರ್ಚಾಗುತ್ತಿದೆಯೋ ಅಷ್ಟನ್ನೇ, ಈ ಕ್ಷಣದಲ್ಲಿಯೇ, ಎಲ್ಲೋ ಒಂದು ಕಡೆ ಉತ್ಪಾದಿಸುತ್ತಿರಬೇಕು. ತಂತಿಗಳು ವಿದ್ಯುತ್ತನ್ನು ಸಾಗಿಸುವ ಕಾಲುವೆಗಳೇ ಹೊರತು ಅದನ್ನು ತುಂಬಿಡುವ ಕೆರೆಗಳಲ್ಲ.

ಈ ಸಮತೋಲ ಕೆಟ್ಟಿತೆಂದು ತಿಳಿಯುವುದು ಹೇಗೆ? ನಮ್ಮ ದೇಶದ ವಿದ್ಯುತ್ತು ಸೆಕೆಂಡಿಗೆ 50 ಆವರ್ತಗಳ ಪರ್ಯಾಯ ವಿದ್ಯುತ್ತು. ಜಲವಿದ್ಯುತ್ ಮತ್ತು ಉಷ್ಣವಿದ್ಯುತ್ ಕೇಂದ್ರಗಳ ಭಾರಿ ಚಕ್ರಗಳೆಲ್ಲ ಒಂದೇ ತಾಳಕ್ಕೆ ಕಟ್ಟುಬಿದ್ದಂತೆ ತಿರುಗುತ್ತಿರುತ್ತವೆ. ಹೊರೆ ಹೇರಿದ ಎತ್ತಿನ ಗಾಡಿ ಏರು ಹತ್ತುವಾಗ ಎತ್ತುಗಳ ಹೆಜ್ಜೆ ನಿಧಾನವಾಗುವಂತೆ, ಬೇಡಿಕೆ ಹೆಚ್ಚಿ ಉತ್ಪಾದನೆ ಸಾಲದಾದಾಗ ಈ ಚಕ್ರಗಳ ವೇಗ ಕುಗ್ಗುತ್ತದೆ. ಆವರ್ತಸಂಖ್ಯೆ 50ಕ್ಕಿಂತ ಕೆಳಗಿಳಿಯುತ್ತದೆ. ಉತ್ಪಾದನೆ ಹೆಚ್ಚಾದರೆ 50ನ್ನು ಮೀರುತ್ತದೆ. ಭಾರತದಲ್ಲಿ ಅದು 49.90 ಮತ್ತು 50.05ರ ನಡುವೆ ಇರಬೇಕೆಂದು ನಿಯಮವಿದೆ. ಎಷ್ಟು ಕಿರಿದಾದ ಬದುವಿನ ಮೇಲೆ ನಡೆಯಬೇಕಾಗಿದೆಯೆಂಬುದನ್ನು ಓದುಗರು ಊಹಿಸಬಹುದು. ಆವರ್ತಸಂಖ್ಯೆ ತೀರ ಕುಸಿದರೆ ಯಂತ್ರಗಳು ತಮ್ಮ ರಕ್ಷಣೆಗಾಗಿ ತಾವೇ ಕಳಚಿಕೊಳ್ಳುತ್ತವೆ. ಒಂದು ಕಳಚಿಕೊಂಡರೆ ಅದರ ಹೊರೆ ಉಳಿದವುಗಳ ಮೇಲೆ ಬೀಳುತ್ತದೆ, ಅವೂ ಕಳಚಿಕೊಳ್ಳುತ್ತವೆ. ಜಾಲವೆಲ್ಲ ಹೀಗೆ ಒಂದರ ಹಿಂದೊಂದು ಆರಿಹೋಗಬಹುದು.

ಇದು ಬರಿಯ ಕಲ್ಪನೆಯಲ್ಲ. 2012ರ ಜುಲೈ 30ರಂದು ಉತ್ತರ ಭಾರತದ ಜಾಲ ಕುಸಿಯಿತು. ಮರುದಿನ, ಜುಲೈ 31ರಂದು, ಉತ್ತರ, ಪೂರ್ವ ಮತ್ತು ಈಶಾನ್ಯ ಜಾಲಗಳು ಮೂರೂ ಒಟ್ಟಿಗೆ ಕುಸಿದುವು. 60 ಕೋಟಿಗೂ ಹೆಚ್ಚು ಜನ ವಾಸಿಸುವ ಪ್ರದೇಶ ಕತ್ತಲಾಯಿತು. ರೈಲುಗಳು ಹಳಿಗಳ ಮೇಲೆಯೇ ನಿಂತುವು. ಆಗ ನಮ್ಮ ಕರ್ನಾಟಕಕ್ಕೆ ತೊಂದರೆಯಾಗಲಿಲ್ಲ. ಕಾರಣ, ದಕ್ಷಿಣದ ಜಾಲ ಆಗ ಬೇರೆ ತಾಳದಲ್ಲಿ ನಡೆಯುತ್ತಿದ್ದಿತು. ಒರಿಸ್ಸದ ತಾಲ್ಚೇರಿನಿಂದ ನಮ್ಮ ಕೋಲಾರಕ್ಕೆ ಬಂದಿರುವ ಮಾರ್ಗದಂತಹ ನೇರ ವಿದ್ಯುತ್ತಿನ ಸಂಪರ್ಕಗಳ ಮೂಲಕ ಮಾತ್ರ ಅದು ಉಳಿದ ಭಾರತಕ್ಕೆ ಸೇರಿತ್ತು. 2013ರ ಡಿಸೆಂಬರ್ 31ರಂದು ರಾಯಚೂರು–ಸೊಲ್ಲಾಪುರದ ನಡುವೆ 765 ಕಿಲೋವೋಲ್ಟಿನ ಮಾರ್ಗ ಕೂಡಿಕೊಂಡಿತು. ಅಂದಿನಿಂದ ಕಾಶ್ಮೀರದಿಂದ ಕನ್ಯಾಕುಮಾರಿಯವರೆಗೆ ತಾಳ ಒಂದೇ. ಇದರಿಂದ ಒಬ್ಬರ ಕೊರತೆಯನ್ನು ಇನ್ನೊಬ್ಬರು ತುಂಬಬಹುದಾಯಿತು. ಹಾಗೆಯೇ ಒಬ್ಬರ ಎಡವಟ್ಟು ಎಲ್ಲರಿಗೂ ತಟ್ಟಬಹುದಾಯಿತು.

ನಮ್ಮ ಹಿರಿಯರು ಎತ್ತಿಟ್ಟ ಬಗೆ

ವಿದ್ಯುತ್ತನ್ನು ವಿದ್ಯುತ್ತಾಗಿಯೇ ತುಂಬಿಡಲಾಗದಿದ್ದರೂ ಬೇರೊಂದು ರೂಪದಲ್ಲಿ ತುಂಬಿಡಬಹುದು. ಈ ಪಾಠವನ್ನು ಮೈಸೂರು ಸೀಮೆ ಬಹಳ ಹಿಂದೆಯೇ ಕಲಿತಿತ್ತೆಂಬುದು ಚರಿತ್ರೆಯ ವಿದ್ಯಾರ್ಥಿಯಾದ ನನಗೆ ಸಂತೋಷದ ವಿಷಯ.

1902ರಲ್ಲಿ ಶಿವನಸಮುದ್ರದ ಜಲಪಾತದಿಂದ ವಿದ್ಯುತ್ತನ್ನು ಉತ್ಪಾದಿಸಿ ಸುಮಾರು 92 ಮೈಲಿ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಸಾಗಿಸಿದರು. 1905ರಲ್ಲಿ ಬೆಂಗಳೂರಿನ ಬೀದಿಗಳಿಗೆ ಅದೇ ದೀಪವಾಯಿತು. ಆದರೆ ತೊಂದರೆಯೊಂದಿತ್ತು. ಮಳೆಗಾಲದಲ್ಲಿ ಉಕ್ಕಿ ಹರಿಯುವ ಕಾವೇರಿ ಬೇಸಗೆಯಲ್ಲಿ ಬಡವಾಗುತ್ತಿದ್ದಳು. ಗಣಿಯ ಯಂತ್ರಗಳಿಗೆ ಮಾತ್ರ ವರ್ಷವೆಲ್ಲ ಒಂದೇ ಹಸಿವು. 1911ರಲ್ಲಿ ಕನ್ನಂಬಾಡಿಯ ಕಟ್ಟೆಯ ಕೆಲಸ ಆರಂಭವಾದುದಕ್ಕೆ ಮಂಡ್ಯದ ಬಯಲಿಗೆ ನೀರುಣಿಸುವುದು ಒಂದು ಕಾರಣವಾದರೆ, ಶಿವನಸಮುದ್ರಕ್ಕೆ ಬೇಸಗೆಯಲ್ಲಿಯೂ ನೀರು ತಪ್ಪದಂತೆ ನೋಡಿಕೊಳ್ಳುವುದು ಇನ್ನೊಂದು ಕಾರಣವಾಗಿತ್ತು. ವಿಶ್ವೇಶ್ವರಯ್ಯನವರ ಆ ಕಟ್ಟೆಯನ್ನು ನಾವು ಗದ್ದೆಗಳ ತಾಯಿಯೆಂದು ಬಲ್ಲೆವು. ಅದು ವಿದ್ಯುತ್ತಿನ ಹಗೇವು ಕೂಡ ಆಗಿತ್ತೆಂಬುದನ್ನು ಮರೆತಿದ್ದೇವೆ. ಮಳೆಗಾಲದ ಬಲವನ್ನು ಬೇಸಗೆಗೆ ಎತ್ತಿಟ್ಟವರು ಅವರು. ಹಗಲಿನ ಬಿಸಿಲನ್ನು ಇರುಳಿಗೆ ಎತ್ತಿಡುವುದು ಅದೇ ವಿದ್ಯೆಯ ಇನ್ನೊಂದು ಪಾಠ.

ಇಲ್ಲೊಂದು ಸಣ್ಣ ಲೆಕ್ಕವನ್ನು ಮಾಡಬಹುದು. ಒಂದು ಯೂನಿಟ್ ವಿದ್ಯುತ್ತೆಂದರೆ 36 ಲಕ್ಷ ಜೂಲ್ ಶಕ್ತಿ. ಜೋಗದ ಎತ್ತರ 253 ಮೀಟರು. ಆ ಎತ್ತರದಿಂದ ಸುಮಾರು 1,450 ಲೀಟರು ನೀರು ಬಿದ್ದರೆ, ನಷ್ಟವನ್ನು ಲೆಕ್ಕಕ್ಕೆ ಹಿಡಿಯದಿದ್ದಲ್ಲಿ, ಒಂದು ಯೂನಿಟ್ ಹುಟ್ಟುತ್ತದೆ. ಅಷ್ಟೇ ಶಕ್ತಿಯನ್ನು ಸೀಸದ ಬ್ಯಾಟರಿಯಲ್ಲಿ ಇಡಬೇಕಾದರೆ ಸುಮಾರು 30 ಕಿಲೋಗ್ರಾಮ್ ತೂಕದ ಬ್ಯಾಟರಿ ಬೇಕು. ಲಿಥಿಯಂ ಕೋಶಗಳಾದರೆ ಏಳೆಂಟು ಕಿಲೋಗ್ರಾಮ್ ಸಾಕು. ಜೋಗದ ಎತ್ತರದಲ್ಲಿರುವ ಒಂದು ದೊಡ್ಡ ತೊಟ್ಟಿ ನೀರಿಗೆ ಸಮನಾದುದನ್ನು ಮನುಷ್ಯನೊಬ್ಬ ಒಂದು ಕೈಯಲ್ಲಿ ಹಿಡಿದುಕೊಂಡು ಹೋಗಬಹುದೆಂದಾಯಿತು. ಬ್ಯಾಟರಿಯ ಮಹಿಮೆ ಇರುವುದು ಇಲ್ಲಿ.

ಬ್ಯಾಟರಿಯ ಸಂಗತಿ

ಇಟಲಿಯ ವೋಲ್ಟಾ 1800ರಲ್ಲಿ ಮೊದಲ ವಿದ್ಯುತ್ಕೋಶವನ್ನು ಪ್ರಕಟಪಡಿಸಿದನು. ಅದು ಒಮ್ಮೆ ಖರ್ಚಾದರೆ ಮುಗಿಯಿತು. 1859ರಲ್ಲಿ ಫ್ರಾನ್ಸಿನ ಪ್ಲಾಂಟೆ ಎಂಬಾತ ಮತ್ತೆ ಮತ್ತೆ ತುಂಬಬಹುದಾದ ಸೀಸದ ಬ್ಯಾಟರಿಯನ್ನು ಮಾಡಿದನು. ಸೀಸ ಮತ್ತು ಸೀಸದ ಡಯಾಕ್ಸೈಡಿನ ಫಲಕಗಳು ತೆಳುವಾದ ಗಂಧಕಾಮ್ಲದಲ್ಲಿ ಮುಳುಗಿರುತ್ತವೆ. ವಿದ್ಯುತ್ತನ್ನು ತೆಗೆದುಕೊಂಡಂತೆ ಎರಡು ಫಲಕಗಳೂ ಸೀಸದ ಸಲ್ಫೇಟಾಗುತ್ತವೆ. ವಿದ್ಯುತ್ತನ್ನು ಹಿಂದಿರುಗಿಸಿದರೆ ಮೊದಲಿನಂತಾಗುತ್ತವೆ. ನಮ್ಮ ಟ್ರ್ಯಾಕ್ಟರುಗಳಲ್ಲಿಯೂ, ಬಹುಪಾಲು ಮನೆಗಳ ಯು.ಪಿ.ಎಸ್.ನಲ್ಲಿಯೂ ಇಂದಿಗೂ ಇರುವುದು ಇದೇ.

ಇದರ ಶಕ್ತಿಯೆಷ್ಟೆಂದು ನೋಡೋಣ. ಮನೆಯ 12 ವೋಲ್ಟ್, 150 ಆಂಪಿಯರ್-ಗಂಟೆಯ ಬ್ಯಾಟರಿಯಲ್ಲಿ 1,800 ವಾಟ್-ಗಂಟೆ, ಅಂದರೆ 1.8 ಯೂನಿಟ್ ಹಿಡಿಸುತ್ತದೆ. ಸೀಸದ ಬ್ಯಾಟರಿಯನ್ನು ಪ್ರತಿದಿನ ಪೂರ್ತಿ ಬರಿದು ಮಾಡಿದರೆ ಅದರ ಆಯುಸ್ಸು ಬೇಗ ತೀರುತ್ತದೆ. ಅರ್ಧದಷ್ಟು ಬಳಸುವುದು ವಿವೇಕ. ಉಳಿದ 900 ವಾಟ್-ಗಂಟೆಯಲ್ಲಿ 70 ವಾಟಿನ ಒಂದು ಫ್ಯಾನು ಮತ್ತು 10 ವಾಟಿನ ಎರಡು ದೀಪಗಳು ಹತ್ತು ಗಂಟೆ ಕಾಲ ನಡೆಯಬೇಕು. ನಷ್ಟವನ್ನು ಕಳೆದರೆ ಎಂಟು ಗಂಟೆಯೆನ್ನಬಹುದು. ಒಂದು ಸಂಸಾರದ ಒಂದು ರಾತ್ರಿಗೆ ಸಾಕು. ಐದು ಅಶ್ವಶಕ್ತಿಯ ಪಂಪಿಗೆ ಮಾತ್ರ ಅದು ಕಾಲು ಗಂಟೆಗೂ ಸಾಲದು.

ಈಗ ದೊಡ್ಡ ಪ್ರಮಾಣದಲ್ಲಿ ಬಳಕೆಗೆ ಬಂದಿರುವುದು ಲಿಥಿಯಂ-ಅಯಾನ್ ಬ್ಯಾಟರಿ. ಮಗ್ಗದಲ್ಲಿ ಲಾಳಿ ಅತ್ತಿಂದಿತ್ತ ಓಡಾಡುವಂತೆ ಇದರಲ್ಲಿ ಲಿಥಿಯಮಿನ ಅಯಾನುಗಳು ಎರಡು ಧ್ರುವಗಳ ನಡುವೆ ಓಡಾಡುತ್ತವೆ. ತುಂಬುವಾಗ ಗ್ರಾಫೈಟಿನ ಪದರಗಳೊಳಗೆ ಸೇರಿಕೊಳ್ಳುತ್ತವೆ; ಬಳಸುವಾಗ ಮರಳಿ ಎದುರು ಧ್ರುವಕ್ಕೆ ಹೋಗುತ್ತವೆ. ಇದರ ಮಾರಾಟ 1991ರಲ್ಲಿ ಜಪಾನಿನಲ್ಲಿ ಆರಂಭವಾಯಿತು. ಇದಕ್ಕೆ ಅಡಿಪಾಯ ಹಾಕಿದ ಗುಡ್‌ಇನಫ್, ವಿಟಿಂಗ್‌ಹ್ಯಾಮ್, ಯೋಶಿನೊ ಎಂಬ ಮೂವರು ವಿಜ್ಞಾನಿಗಳಿಗೆ 2019ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಹುಮಾನ ದೊರೆಯಿತು. ಅವರಲ್ಲಿ ಗುಡ್‌ಇನಫ್ ಅವರಿಗೆ ಆಗ 97 ವರ್ಷ; ಅಷ್ಟು ಇಳಿವಯಸ್ಸಿನಲ್ಲಿ ಆ ಬಹುಮಾನ ಪಡೆದವರು ಅವರಿಗೆ ಮೊದಲು ಯಾರೂ ಇರಲಿಲ್ಲ. 2010ರಿಂದ ಈಚೆಗೆ ಇಂತಹ ಬ್ಯಾಟರಿಯ ಬೆಲೆ ಸುಮಾರು ಹತ್ತರಲ್ಲೊಂದು ಪಾಲಿಗೆ ಇಳಿದಿದೆ. ಅಜ್ಜಿಗೆ ನಾನು ಹೇಳಿದ "ಬಹಳ ಖರ್ಚಿನ ಬಾಬ್ತು" ಎಂಬ ಮಾತು ಹದಿನೈದು ವರ್ಷಗಳ ಹಿಂದೆ ಪೂರ್ತಿ ನಿಜವಾಗಿದ್ದಿತು. ಈಗ ಅಷ್ಟು ನಿಜವಲ್ಲ.

ಸೆಕೆಂಡಿನ ಕೆಲಸ, ಗಂಟೆಗಳ ಕೆಲಸ

ಜಾಲಕ್ಕೆ ಸೇರಿಸಿದ ಬ್ಯಾಟರಿ ಎರಡು ಬೇರೆ ಬೇರೆ ಕೆಲಸಗಳನ್ನು ಮಾಡುತ್ತದೆ. ಒಂದು, ತಾಳ ತಪ್ಪದಂತೆ ನೋಡಿಕೊಳ್ಳುವುದು. ಇದು ಸೆಕೆಂಡಿನ ಕೆಲಸ. ಇನ್ನೊಂದು, ಮಧ್ಯಾಹ್ನದ್ದನ್ನು ಸಂಜೆಗೆ ಸಾಗಿಸುವುದು. ಇದು ಗಂಟೆಗಳ ಕೆಲಸ.

ಮೊದಲನೆಯದಕ್ಕೆ ಆಸ್ಟ್ರೇಲಿಯಾದ ಉದಾಹರಣೆಯನ್ನು ಕೊಡಬಹುದು. 2016ರ ಸೆಪ್ಟೆಂಬರ್ 28ರಂದು ದಕ್ಷಿಣ ಆಸ್ಟ್ರೇಲಿಯಾ ಪ್ರಾಂತದಲ್ಲಿ ಬಿರುಗಾಳಿಯಿಂದ ವಿದ್ಯುತ್ತಿನ ದೊಡ್ಡ ಗೋಪುರಗಳು ಮುರಿದುಬಿದ್ದು, ಇಡೀ ಪ್ರಾಂತ ಕತ್ತಲಾಯಿತು. ಮರುವರ್ಷ ಜೇಮ್ಸ್‌ಟೌನ್ ಎಂಬ ಊರಿನ ಹತ್ತಿರ ಹಾರ್ನ್ಸ್‌ಡೇಲಿನಲ್ಲಿ 100 ಮೆಗಾವಾಟ್ ಬಲದ, 129 ಮೆಗಾವಾಟ್-ಗಂಟೆ ಹಿಡಿಸುವ ಬ್ಯಾಟರಿಯನ್ನು ಕಟ್ಟಿದರು. 2017ರ ಡಿಸೆಂಬರ್ 1ರಂದು ಅದು ಕೆಲಸ ಆರಂಭಿಸಿತು. ಅದೇ ತಿಂಗಳ 14ರ ನಡುರಾತ್ರಿ ದಾಟಿದ ಮೇಲೆ, ಪಕ್ಕದ ವಿಕ್ಟೋರಿಯಾ ಪ್ರಾಂತದಲ್ಲಿ 560 ಮೆಗಾವಾಟಿನ ಕಲ್ಲಿದ್ದಲಿನ ಘಟಕವೊಂದು ಇದ್ದಕ್ಕಿದ್ದಂತೆ ನಿಂತಿತು. ಆವರ್ತಸಂಖ್ಯೆ ಇಳಿಯತೊಡಗಿತು. ನೂರಾರು ಮೈಲಿ ದೂರದ ಈ ಬ್ಯಾಟರಿ ಸೆಕೆಂಡಿನ ಒಂದು ಅಂಶದಲ್ಲಿ ಎಚ್ಚೆತ್ತು ವಿದ್ಯುತ್ತನ್ನು ಒದಗಿಸತೊಡಗಿತು. ಅದು ಕೊಟ್ಟದ್ದು ಆಗ ಏಳು ಮೆಗಾವಾಟಿನಷ್ಟು ಮಾತ್ರ. ಆದರೂ ಉಗಿಯ ಯಂತ್ರವಾಗಲಿ ನೀರಿನ ಚಕ್ರವಾಗಲಿ ಮೈಮುರಿದು ಏಳುವಷ್ಟರಲ್ಲಿ ಬ್ಯಾಟರಿ ಹೆಗಲು ಕೊಟ್ಟಾಗಿರುತ್ತದೆ ಎಂಬುದನ್ನು ಲೋಕವೆಲ್ಲ ಅಂದು ಕಂಡಿತು. ಮುರಿದುಬಿದ್ದ ಗೋಪುರವನ್ನು ಯಾವ ಬ್ಯಾಟರಿಯೂ ಎತ್ತಿ ನಿಲ್ಲಿಸಲಾರದೆಂಬುದನ್ನೂ ಇಲ್ಲಿಯೇ ಹೇಳಿಬಿಡಬೇಕು.

ಸೌರವಿದ್ಯುತ್ತಿಗೆ ಈ ನೆರವು ವಿಶೇಷವಾಗಿ ಬೇಕು. ಬಿಸಿಲಿನ ಫಲಕದಲ್ಲಿ ತಿರುಗುವ ಚಕ್ರವಿಲ್ಲ. ಕಲ್ಲಿದ್ದಲಿನ ಕೇಂದ್ರದ ಚಕ್ರ ತನ್ನ ತೂಕದ ಬಲದಿಂದಲೇ ಕೆಲವು ಸೆಕೆಂಡು ಕಾಲ ಜಾಲವನ್ನು ತಡೆದುಕೊಳ್ಳುತ್ತದೆ. ಫಲಕಕ್ಕೆ ಆ ತೂಕವಿಲ್ಲ. ಫಲಕದ ನೇರ ವಿದ್ಯುತ್ತನ್ನು ಪರ್ಯಾಯ ವಿದ್ಯುತ್ತಾಗಿಸುವ ಇನ್ವರ್ಟರು ಸಾಮಾನ್ಯವಾಗಿ ಜಾಲದ ತಾಳವನ್ನು ಕೇಳಿ ಅದಕ್ಕೆ ಹೊಂದಿಕೊಳ್ಳುತ್ತದೆ. ಭಜನೆಯಲ್ಲಿ ಎಲ್ಲರೂ ಹೀಗೆ ಬೇರೆಯವರ ತಾಳವನ್ನು ಕೇಳಿ ಹಾಡುವವರೇ ಆದರೆ, ತಾಳ ಹಾಕುವವನು ಎದ್ದುಹೋದಾಗ ಹಾಡು ಚೆಲ್ಲಾಪಿಲ್ಲಿಯಾಗುತ್ತದೆ. ಈಗ ಬ್ಯಾಟರಿಯ ಜೊತೆಗೆ ತಾನೇ ತಾಳ ಹಾಕಬಲ್ಲ ಇನ್ವರ್ಟರುಗಳೂ ಬಂದಿವೆ.

ಎರಡನೆಯ ಕೆಲಸಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾ ಉದಾಹರಣೆ. ಅಲ್ಲಿ ಮಧ್ಯಾಹ್ನ ಬಿಸಿಲಿನ ವಿದ್ಯುತ್ತು ಬೇಡವೆನ್ನುವಷ್ಟು ಹುಟ್ಟುತ್ತದೆ. ಸಂಜೆ ಸೂರ್ಯ ಮುಳುಗುವ ವೇಳೆಗೆ ಜನ ಮನೆ ಸೇರಿ ದೀಪ, ಒಲೆ, ತಂಪಿನ ಯಂತ್ರಗಳನ್ನು ಹಾಕುತ್ತಾರೆ. ಉಳಿದ ಕೇಂದ್ರಗಳ ಮೇಲೆ ಬೀಳುವ ಹೊರೆಯನ್ನು ನಕ್ಷೆಯಲ್ಲಿ ಬರೆದರೆ ಮಧ್ಯಾಹ್ನ ಹೊಟ್ಟೆ ಜೋತು, ಸಂಜೆ ಕುತ್ತಿಗೆ ಎತ್ತಿದ ಬಾತುಕೋಳಿಯಂತೆ ಕಾಣುತ್ತದೆ. ಅಲ್ಲಿಯವರು ಅದನ್ನು ಬಾತುಕೋಳಿಯ ರೇಖೆಯೆಂದೇ ಕರೆಯುತ್ತಾರೆ. 2024ರಲ್ಲಿ ಆ ಪ್ರಾಂತದ ಬ್ಯಾಟರಿಗಳ ಒಟ್ಟು ಬಲ 10,000 ಮೆಗಾವಾಟನ್ನು ಮೀರಿತು. ಆ ವರ್ಷದ ಏಪ್ರಿಲ್ ತಿಂಗಳ ಒಂದು ಸಂಜೆ, ಸ್ವಲ್ಪ ಹೊತ್ತಿನ ಮಟ್ಟಿಗೆ, ಅಲ್ಲಿನ ಜಾಲಕ್ಕೆ ಎಲ್ಲಕ್ಕಿಂತ ಹೆಚ್ಚು ವಿದ್ಯುತ್ತು ಕೊಟ್ಟದ್ದು ಬ್ಯಾಟರಿಗಳೇ. ಹಗೇವಿನ ರಾಗಿ ಊರಿಗೆಲ್ಲ ಊಟವಾದಂತಾಯಿತು.

ನಮ್ಮ ದೇಶದಲ್ಲಿ ಈ ಕೆಲಸ ಸಣ್ಣದಾಗಿ ಆರಂಭವಾಯಿತು. 2019ರಲ್ಲಿ ದೆಹಲಿಯ ರೋಹಿಣಿಯಲ್ಲಿ 10 ಮೆಗಾವಾಟಿನ ಬ್ಯಾಟರಿಯನ್ನು ಸ್ಥಾಪಿಸಿದರು. 2024ರಲ್ಲಿ ಛತ್ತೀಸಗಡದ ರಾಜನಂದಗಾಂವಿನಲ್ಲಿ ಸೌರಫಲಕಗಳ ಜೊತೆಗೆ 40 ಮೆಗಾವಾಟ್ ಬಲದ, 120 ಮೆಗಾವಾಟ್-ಗಂಟೆಯ ಬ್ಯಾಟರಿ ಬಂದಿತು. ಅದು ಮೂರು ಗಂಟೆಯ ಹಗೇವು. 2031-32ರ ವೇಳೆಗೆ ದೇಶಕ್ಕೆ ಸುಮಾರು 47,000 ಮೆಗಾವಾಟಿನ ಬ್ಯಾಟರಿಗಳು ಬೇಕಾಗಬಹುದೆಂದು ಕೇಂದ್ರ ವಿದ್ಯುತ್ ಪ್ರಾಧಿಕಾರ 2023ರ ತನ್ನ ಯೋಜನೆಯಲ್ಲಿ ಅಂದಾಜು ಮಾಡಿದೆ.

ಪಾವಗಡದ ಲೆಕ್ಕ

ಈಗ ಅಜ್ಜಿಯ ಪ್ರಶ್ನೆಯನ್ನೇ ಲೆಕ್ಕಕ್ಕೆ ಇಳಿಸೋಣ. ಪಾವಗಡದ ಉದ್ಯಾನದ ಪೂರ್ಣ ಬಲ 2,050 ಮೆಗಾವಾಟ್. ಸಂಜೆ ಆರರಿಂದ ರಾತ್ರಿ ಹತ್ತರವರೆಗೆ ನಾಲ್ಕು ಗಂಟೆ ಕಾಲ ಅಷ್ಟೇ ಬಲವನ್ನು ಕೊಡಬೇಕಾದರೆ 8,200 ಮೆಗಾವಾಟ್-ಗಂಟೆ, ಅಂದರೆ 82 ಲಕ್ಷ ಯೂನಿಟ್ ಎತ್ತಿಡಬೇಕು. ಮೊದಲು ಕಟ್ಟಿದಾಗಿನ ಹಾರ್ನ್ಸ್‌ಡೇಲಿನ ಬ್ಯಾಟರಿಯಂತಹವು 63ಕ್ಕೂ ಹೆಚ್ಚು ಬೇಕಾಗುತ್ತವೆ. ತುಂಬಿದ ನೂರು ಯೂನಿಟಿನಲ್ಲಿ ಹಿಂದಕ್ಕೆ ಬರುವುದು 85ರಿಂದ 90 ಮಾತ್ರ; ಉಳಿದದ್ದು ಬಿಸಿಯಾಗಿ ಹೋಗುತ್ತದೆ. ಹಗೇವಿನಲ್ಲಿಯೂ ಸ್ವಲ್ಪ ರಾಗಿ ಮುಗ್ಗುವುದಿಲ್ಲವೆ?

ಇನ್ನು ಲಿಥಿಯಂ. ಒಂದು ಯೂನಿಟ್ ಹಿಡಿಸುವ ಕೋಶಗಳಿಗೆ ಸುಮಾರು 100 ಗ್ರಾಂ ಲಿಥಿಯಂ ಬೇಕೆಂದರೆ, 82 ಲಕ್ಷ ಯೂನಿಟಿಗೆ 820 ಟನ್ನು. ನಮ್ಮ ಮಂಡ್ಯ ಜಿಲ್ಲೆಯ ಮರಳಗಾಲದ ಸುತ್ತಿನಲ್ಲಿ 1,600 ಟನ್ ಲಿಥಿಯಂ ಇರಬಹುದೆಂದು ಪರಮಾಣು ಖನಿಜಗಳ ನಿರ್ದೇಶನಾಲಯ ಅಂದಾಜು ಮಾಡಿದೆ. ಅದೆಲ್ಲ ಕೈಗೆ ಸಿಕ್ಕಿತೆಂದು ಇಟ್ಟುಕೊಂಡರೂ ಪಾವಗಡ ಒಂದಕ್ಕೇ ಅದರ ಅರ್ಧ ಬೇಕಾಗುತ್ತದೆ. ಹೀಗಾಗಿ ಈ ಲೋಹಕ್ಕೆ ನಾವು ಆಸ್ಟ್ರೇಲಿಯಾ, ಚಿಲಿ, ಚೀನಾಗಳ ಕಡೆಗೆ ನೋಡಬೇಕಾಗಿದೆ. ಉಪ್ಪಿನಲ್ಲಿ ದಂಡಿಯಾಗಿ ಸಿಗುವ ಸೋಡಿಯಮಿನಿಂದ ಬ್ಯಾಟರಿ ಮಾಡುವ ಪ್ರಯತ್ನ ನಡೆದಿರುವುದು ಇದೇ ಕಾರಣಕ್ಕೆ.

ತೊಡಕುಗಳು

ಬ್ಯಾಟರಿಯನ್ನು ಹೊಗಳಿದಷ್ಟೇ ಪ್ರಾಮಾಣಿಕವಾಗಿ ಅದರ ದೋಷಗಳನ್ನೂ ಹೇಳಬೇಕು. ಮೊದಲನೆಯದು ಬೆಂಕಿ. 2025ರ ಜನವರಿ 16ರಂದು ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್ ಎಂಬಲ್ಲಿ ದೊಡ್ಡ ಬ್ಯಾಟರಿ ಕೇಂದ್ರಕ್ಕೆ ಬೆಂಕಿ ಬಿದ್ದು, ಸುತ್ತಲಿನ ಸಾವಿರಕ್ಕೂ ಹೆಚ್ಚು ಜನ ಮನೆ ಬಿಟ್ಟು ಹೋಗಬೇಕಾಯಿತು. ಒಂದು ಕೋಶದ ಬಿಸಿ ಪಕ್ಕದ ಕೋಶಕ್ಕೆ ಹತ್ತಿ ಹಬ್ಬುವುದರಿಂದ ಇದನ್ನು ಆರಿಸುವುದು ಕಷ್ಟ. ಕಬ್ಬಿಣದ ಫಾಸ್ಫೇಟಿನ ಕೋಶಗಳು ಬಿಸಿಯನ್ನು ಹೆಚ್ಚು ತಡೆಯುತ್ತವೆ; ಅವಕ್ಕೆ ಕೋಬಾಲ್ಟೂ ಬೇಕಾಗಿಲ್ಲ. ಆದರೂ ಅಂತರ ಬಿಟ್ಟು ಕಟ್ಟುವುದು, ಊರಿನಿಂದ ದೂರವಿಡುವುದು ಅಗತ್ಯ.

ಎರಡನೆಯದು, ನಾಲ್ಕು ಗಂಟೆಯ ಬ್ಯಾಟರಿ ನಾಲ್ಕು ದಿನದ ಮೋಡಕ್ಕೆ ಉತ್ತರವಲ್ಲ. ಜುಲೈ, ಆಗಸ್ಟಿನಲ್ಲಿ ವಾರಗಟ್ಟಲೆ ಮೋಡ ಕವಿದಿರುವಾಗ ನೀರು, ಗಾಳಿ, ಕಲ್ಲಿದ್ದಲು ಇವುಗಳ ನೆರವು ಬೇಕೇ ಬೇಕು. 1,035 ಮೆಗಾವಾಟಿನ ಶರಾವತಿ ಕೇಂದ್ರದಂತಹ ಜಲಾಶಯದ ಕೇಂದ್ರಗಳು ಹಗಲು ಬಿಸಿಲಿರುವಾಗ ನೀರನ್ನು ಉಳಿಸಿ ಸಂಜೆ ಬಿಡಬಲ್ಲವು. ಹಗಲಿನ ವಿದ್ಯುತ್ತಿನಿಂದ ನೀರನ್ನೇ ಮತ್ತೆ ಮೇಲಕ್ಕೆತ್ತಿ ಸಂಜೆ ಬೀಳಿಸುವ ಏರ್ಪಾಡೂ ಉಂಟು. ಶರಾವತಿಯಲ್ಲಿಯೇ ತಳಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ 2,000 ಮೆಗಾವಾಟಿನ ಅಂತಹ ಯೋಜನೆಯೊಂದನ್ನು ಮುಂದಿಟ್ಟಿದ್ದಾರೆ. ಅಲ್ಲಿನ ಕಾಡು ಸಿಂಗಳೀಕಗಳ ಬೀಡು. ಯೋಜನೆಗೆ ಬಲವಾದ ವಿರೋಧವೂ ಇದೆ. ಪಾವಗಡದ ಬಿಸಿಲನ್ನು ಎತ್ತಿಡಲು ಮಲೆನಾಡಿನ ಕಾಡನ್ನು ಕಳೆದುಕೊಳ್ಳುವುದು ಲಾಭವೋ ನಷ್ಟವೋ ಎಂಬುದನ್ನು ಮೆಗಾವಾಟಿನ ತಕ್ಕಡಿಯೊಂದರಲ್ಲಿಯೇ ತೂಗಲಾಗದು.

ಮೂರನೆಯದು ನಮ್ಮ ಊರಿನದೇ ಮಾತು. ಆ ರಾತ್ರಿ ನಮ್ಮೂರಿನ ಕರೆಂಟು ಹೋದದ್ದು ಸೂರ್ಯ ಮುಳುಗಿದುದರಿಂದಲ್ಲ. ಊರ ಹೊರಗಿನ ಟ್ರಾನ್ಸ್‌ಫಾರ್ಮರು ಸುಟ್ಟಿತ್ತು; ಅದನ್ನು ಬದಲಾಯಿಸಲು ನಾಲ್ಕು ದಿನ ಹಿಡಿಯಿತು. ಉದ್ಯಾನದ ವಿದ್ಯುತ್ತು ನೂರಾರು ಕಿಲೋವೋಲ್ಟಿನ ಮಾರ್ಗಗಳನ್ನು ಹತ್ತಿ ರಾಜ್ಯಕ್ಕೆಲ್ಲ ಹೋಗುತ್ತದೆ. ನಮ್ಮ ಮನೆಗೆ ಬರುವುದು 11 ಕಿಲೋವೋಲ್ಟಿನ ಹಳೆಯ ತಂತಿಯ ಕೊನೆಯಿಂದ. ಹೆದ್ದಾರಿಯ ಪಕ್ಕದಲ್ಲಿ ಮನೆಯಿದ್ದರೂ ಓಣಿಯ ಸೇತುವೆ ಮುರಿದರೆ ಗಾಡಿ ಬಾರದು. ಉದ್ಯಾನದಲ್ಲಿ ಎಂತಹ ಬ್ಯಾಟರಿಯನ್ನಿಟ್ಟಿದ್ದರೂ ಆ ರಾತ್ರಿ ನಮಗೆ ದೀಪ ಬರುತ್ತಿರಲಿಲ್ಲ. ಊರಿನ ಆಸ್ಪತ್ರೆಗೆ, ಶಾಲೆಗೆ, ಕುಡಿಯುವ ನೀರಿನ ಮೋಟಾರಿಗೆ ಸಣ್ಣ ಫಲಕ ಮತ್ತು ಸಣ್ಣ ಬ್ಯಾಟರಿ ಇದ್ದಿದ್ದರೆ ಬರುತ್ತಿತ್ತು. ದೊಡ್ಡ ಹಗೇವೂ ಬೇಕು. ಮನೆಯ ವಾಡೆಯೂ ಬೇಕು.

ಅಜ್ಜಿಗೆ ಉತ್ತರ

ಇಷ್ಟನ್ನೆಲ್ಲ ಓದಿದ ಮೇಲೆ ನನಗೆ ಹೊಳೆದ ಇನ್ನೊಂದು ಸಂಗತಿಯಿದೆ. ನಮ್ಮ ರಾಜ್ಯದ ವಿದ್ಯುತ್ತಿನಲ್ಲಿ ಸುಮಾರು ಮೂರನೆಯ ಒಂದು ಪಾಲು ಖರ್ಚಾಗುವುದು ನೀರಾವರಿಯ ಪಂಪ್‌ಸೆಟ್ಟುಗಳಿಗೆ. ಪಂಪಿಗೆ ರಾತ್ರಿಯೇ ನಡೆಯಬೇಕೆಂಬ ಹಟವೇನೂ ಇಲ್ಲ. ಹಿಂದೆ ರಾತ್ರಿ ಬೇಡಿಕೆ ಕಡಿಮೆಯಾಗಿರುತ್ತಿದ್ದುದರಿಂದ ಉಳಿದ ವಿದ್ಯುತ್ತನ್ನು ರೈತನಿಗೆ ಕೊಡುವ ವಾಡಿಕೆ ಬಂತು. ಈಗ ಉಳಿಕೆ ಇರುವುದು ಮಧ್ಯಾಹ್ನ. ದೀಪವನ್ನು ಮಧ್ಯಾಹ್ನ ಹಚ್ಚಿಕೊಳ್ಳಲಾಗದು. ನೀರನ್ನು ಮಧ್ಯಾಹ್ನ ಎತ್ತಬಹುದು. ಎತ್ತಿದ ನೀರನ್ನು ಕೃಷಿಹೊಂಡದಲ್ಲಿ ನಿಲ್ಲಿಸಿ ಬೇಕಾದಾಗ ಹಾಯಿಸಬಹುದು. ಆ ಹೊಂಡವೇ ಲಿಥಿಯಂ ಬೇಡದ, ಬೆಂಕಿ ಹತ್ತದ ಬ್ಯಾಟರಿ. 2019ರಲ್ಲಿ ಕೇಂದ್ರ ಸರ್ಕಾರ ಆರಂಭಿಸಿದ ಕುಸುಮ್ ಯೋಜನೆಯಲ್ಲಿ ಪಂಪ್‌ಸೆಟ್ಟುಗಳ ಮಾರ್ಗಗಳಿಗೆ ಹತ್ತಿರದಲ್ಲಿಯೇ ಸೌರಫಲಕಗಳನ್ನು ಹಾಕಿ ಹಗಲಿನಲ್ಲಿ ವಿದ್ಯುತ್ತು ಕೊಡಬೇಕೆಂಬ ಭಾಗವೂ ಇದೆ. ಎತ್ತಿಡುವ ಮೊದಲು, ಬಿಸಿಯಿರುವಾಗಲೇ ಉಣ್ಣಬಹುದಾದುದನ್ನು ಉಂಡುಬಿಡುವುದು ಜಾಣತನ. ಉಳಿದುದಕ್ಕೆ ಬ್ಯಾಟರಿ.

ದಸರೆಯ ರಜೆಗೆ ಊರಿಗೆ ಹೋದಾಗ ಅಜ್ಜಿಯ ಪಕ್ಕದಲ್ಲಿ ಕುಳಿತು ಇದನ್ನೆಲ್ಲ ನನಗೆ ತಿಳಿದಂತೆ ಹೇಳಿದೆ. ಕನ್ನಂಬಾಡಿಯ ಕಥೆಯನ್ನು ಅವಳು ಆಸಕ್ತಿಯಿಂದ ಕೇಳಿದಳು. ಲಿಥಿಯಮಿನ ಲೆಕ್ಕದ ನಡುವೆ ತೂಕಡಿಸಿದಳು. ಹಗಲು ಹೊತ್ತಿನಲ್ಲಿಯೇ ಪಂಪಿಗೆ ಕರೆಂಟು ಕೊಡುವ ಮಾತು ಬಂದಾಗ ಮಾತ್ರ ಎದ್ದು ಕುಳಿತು, "ಇದನ್ನ ಮೊದಲೇ ಮಾಡಿದ್ದರೆ ನಿಮ್ಮ ಚಿಕ್ಕಪ್ಪನ ಕಾಲು ನೆಟ್ಟಗಿರುತ್ತಿತ್ತಲ್ಲಪ್ಪ" ಎಂದಳು.

ಆ ಮಾತಿಗೆ ನನ್ನಲ್ಲಿ ಈಗಲೂ ಉತ್ತರವಿಲ್ಲ. ವಿದ್ಯುತ್ ಜಾಲದ ಭದ್ರತೆಯೆಂದರೆ ಆವರ್ತಸಂಖ್ಯೆ 50ರಲ್ಲಿ ನಿಲ್ಲುವುದು ಎಂದು ಪುಸ್ತಕಗಳಲ್ಲಿ ಓದಿದೆ. ಅದು ಸರಿ. ಆದರೆ ಸರಿರಾತ್ರಿಯಲ್ಲಿ ಯಾವ ರೈತನೂ ಕತ್ತಲಲ್ಲಿ ಬದುವಿನ ಮೇಲೆ ನಡೆಯಬೇಕಾಗಿ ಬಾರದಿರುವುದೂ ಅದರ ಲೆಕ್ಕದಲ್ಲಿ ಸೇರಬೇಕು. ನಮ್ಮ ಕಾಲೇಜಿನಲ್ಲಿ ಪಂಪ್‌ಸೆಟ್ಟಿನ ಮನೆಗಳಿಂದ ಬಂದ ವಿದ್ಯಾರ್ಥಿಗಳು ಬಹಳ ಮಂದಿ ಇದ್ದಾರೆ. ನಾಳೆ ಅವರಲ್ಲಿ ಕೆಲವರು ಪಂಚಾಯಿತಿಯಲ್ಲಿ, ಕಛೇರಿಗಳಲ್ಲಿ ಕುಳಿತು ಇಂತಹ ವಿಷಯಗಳನ್ನು ತೀರ್ಮಾನಿಸುವವರಾಗುತ್ತಾರೆ. ಕಲಾಶಾಖೆಯವರಾದ ನಮಗೆ ಇದೆಲ್ಲ ಏತಕ್ಕೆಂದು ಅವರು ಭಾವಿಸಬಾರದೆಂಬುದೇ ಈ ಲೇಖನದ ಬಿನ್ನಹ.